ನನ್ನ ಗೋಡೆ ನೆಟ್ಟಗಿದೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಹೋಟೆಲಿನ ಗೋಡೆ ನೆಟ್ಟಗಿದೆ, ವಾಲಿರುವುದು ಊರು. ಇದನ್ನು ಒಪ್ಪದವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ಒಪ್ಪದವರ ಜೊತೆಯಲ್ಲೇ ಹುಟ್ಟಿ ಬೆಳೆದವನು ನಾನು.

ನಮ್ಮೂರಿಗೆ ಸೆಳೆತ ಬರುತ್ತದೆ. ಬೇರೆ ಊರುಗಳಿಗೆ ಗಾಳಿ ಬರುವ ಹಾಗೆ, ನೆಂಟರು ಬರುವ ಹಾಗೆ, ಹೇಳದೆ ಕೇಳದೆ. ನಿಂತಿದ್ದ ಬಸ್ಸು ಹೊರಟಾಗ ಮೈ ಹಿಂದಕ್ಕೆ ಜಗ್ಗುತ್ತದಲ್ಲ, ಹಾಗೆ ಇಡೀ ಊರನ್ನು ಪಡುವಲಕ್ಕೆ ಜಗ್ಗುತ್ತದೆ. ಲೋಟ ಜಾರುತ್ತದೆ. ತೊಟ್ಟಿಲು ಒಂದು ಪಕ್ಕಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಬಾವಿಯ ನೀರು ಒಂದು ಬದಿಗೆ ಏರಿ ಕೂರುತ್ತದೆ. ಒಮ್ಮೊಮ್ಮೆ ಸೀನು ಮುಗಿಯುವಷ್ಟರಲ್ಲಿ ಹೊರಟುಹೋಗುತ್ತದೆ. ಒಮ್ಮೊಮ್ಮೆ ಹಬ್ಬಕ್ಕೆ ಬಂದ ಭಾವಮೈದುನನ ಹಾಗೆ ಹೊರಡುವ ಮಾತೇ ಎತ್ತುವುದಿಲ್ಲ. ಜನ ಅದಕ್ಕೆ ತಕ್ಕ ಹಾಗೆ ಬದುಕಲು ಕಲಿತಿದ್ದಾರೆ. ಟೀ ಅರ್ಧ ಲೋಟಕ್ಕಿಂತ ಮೇಲೆ ಹಾಕುವುದಿಲ್ಲ. ಊಟಕ್ಕೆ ಎಲ್ಲರೂ ಪಡುವಲಕ್ಕೆ ಮುಖ ಮಾಡಿಯೇ ಕೂರುತ್ತಾರೆ, ಸಾರು ಹರಿದರೆ ಮುಂದಕ್ಕೆ ಹರಿಯಲಿ, ಮಡಿಲಿಗೆ ಬೇಡ ಎಂದು. ಕ್ಷೌರದವನು ಗಿರಾಕಿಯ ಪಡುವಲ ಪಕ್ಕದಲ್ಲೇ ನಿಲ್ಲುತ್ತಾನೆ, ಬಿದ್ದರೆ ಕತ್ತಿ ಸಮೇತ ತಾನು ಅತ್ತ ಬೀಳಲಿ ಎಂದು. ಪೇಟೆ ಬೀದಿಯಲ್ಲಿ ಪಡುವಲ ಸಾಲಿನ ಅಂಗಡಿಗಳಿಗೆ ಭಾರೀ ಬೇಡಿಕೆ. ಸೆಳೆತ ಬಂದಾಗ ಬೀದಿಯಲ್ಲಿದ್ದವರು ತಾವಾಗಿಯೇ ಒಳಗೆ ಬಂದು ಬೀಳುತ್ತಾರೆ, ಬಿದ್ದ ಮೇಲೆ ನಾಚಿಕೆಗಾದರೂ ಏನಾದರೊಂದು ಕೊಳ್ಳುತ್ತಾರೆ. ಆದರೆ ಅವರ ಹಿಂದೆಯೇ ಊರಿನ ಸೈಕಲ್ಲು, ಕುಂಬಳಕಾಯಿ, ಕೋಳಿ ಬುಟ್ಟಿ ಎಲ್ಲ ಬರುತ್ತವೆ. ಅದಕ್ಕೇ ನಾಲ್ಕು ಜನ ಒಳಗೆ ಬಿದ್ದ ಕೂಡಲೇ ಷಟರ್ ಎಳೆದುಬಿಡುವುದು ನಮ್ಮ ಕಡೆಯ ವ್ಯಾಪಾರದ ಪದ್ಧತಿ.

ಸೆಳೆತ ಏಕೆ ಬರುತ್ತದೆ ಎಂಬುದರ ಮೇಲೆ ಊರು ಎರಡಾಗಿದೆ. ಒಂದು ಪಕ್ಷದವರು, ಊರು ಆಗಾಗ ಮೂಡಲಕ್ಕೆ ಹೊರಡುತ್ತದೆ, ನಾವು ಹಿಂದಕ್ಕೆ ಜಗ್ಗುತ್ತೇವೆ ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಊರು ಎಲ್ಲಿಗೂ ಹೋಗಿಲ್ಲ, ಹೋಗುವ ಯೋಗ್ಯತೆಯೂ ಅದಕ್ಕಿಲ್ಲ, ನೆಲ ವಾಲುತ್ತದೆ ಅಷ್ಟೇ ಎನ್ನುತ್ತಾರೆ. ಓಡಿದರೂ ವಾಲಿದರೂ ಚೆಲ್ಲುವುದು ಅದೇ ಟೀ ಎಂದು ನಾನು ಎಷ್ಟು ಕಿರುಚಿದರೂ ಕೇಳುವವರಿಲ್ಲ. ಒಂದು ಸಲ ಪುರಸಭೆಯ ಇಂಜಿನಿಯರ್ ಪದ್ಮರಾಜಯ್ಯನವರು, ಅವರು ಓಟದ ಪಕ್ಷ, ಇವತ್ತು ತೀರ್ಮಾನ ಮಾಡಿಯೇಬಿಡುತ್ತೇನೆ ಎಂದು ಒಂದು ಗ್ಯಾಸ್ ಬಲೂನು ತಂದರು. ಸೆಳೆತ ಬಂತು. ನಾವೆಲ್ಲ ಪಡುವಲಕ್ಕೆ ಜಗ್ಗಿದರೆ ಬಲೂನು ಮಾತ್ರ ಮೂಡಲಕ್ಕೆ ಬಾಗಿತು. "ನೋಡಿ, ಗಾಳಿ ಹಿಂದಕ್ಕೆ ನುಗ್ಗಿ ಬಲೂನನ್ನು ಮುಂದಕ್ಕೆ ತಳ್ಳಿತು, ಊರು ಓಡ್ತಿದೆ" ಎಂದರು ಅವರು. "ನೋಡ್ರಪ್ಪಾ, ಪಡುವಲ ತಗ್ಗಾಯ್ತು, ಬಲೂನು ಎತ್ತರದ ಕಡೆ ಹೋಯ್ತು, ನೆಲ ವಾಲೈತೆ" ಎಂದರು ವಾಲಿಕೆ ಪಕ್ಷದವರು. ಎರಡೂ ಕಡೆಯವರು ಪಟಾಕಿ ಹೊಡೆದರು. ಬಲೂನು ಒಡೆದದ್ದು ನಾನು, ಸಿಟ್ಟಿಗೆ.

ನನ್ನ ಓದು ನಿಂತದ್ದೂ ಇದರಿಂದಲೇ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಗೆರೆ ಎಳೆದು "ಇದು ನೇರ ಮೇಲಕ್ಕೆ" ಎಂದರು. "ಸಾ, ಸೆಳ್ತ ಇದ್ದಾಗಿನ ಮೇಲಕ್ಕೋ, ಇಲ್ದಿದ್ದಾಗಿನ ಮೇಲಕ್ಕೋ?" ಎಂದೆ. ಕಪಾಳಕ್ಕೆ ಬಿತ್ತು. ಸ್ಲೇಟನ್ನು ಅವರ ಮೇಜಿನ ಮೇಲೆ ಕುಕ್ಕಿ ಬಂದವನು ಆ ಕಡೆ ತಲೆ ಹಾಕಲಿಲ್ಲ.

ನನ್ನ ಹೆಸರು ಚಿಕ್ಕೀರ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಸೋದರಮಾವ ಜವರಪ್ಪ. ಅಕ್ಕಿ ಗಿರಣಿಯ ಯಜಮಾನ, ಪುರಸಭೆ ಅಧ್ಯಕ್ಷ, ವಾಲಿಕೆ ಪಕ್ಷದ ಮುಂದಾಳು. ಸಾಕಿದ ಎಂದರೆ ಗಿರಣಿಯಲ್ಲಿ ಮೂಟೆ ಹೊರಿಸಿದ, ರಾತ್ರಿ ಊಟಕ್ಕೆ ಕೂತಾಗ ಮುದ್ದೆಯ ಜೊತೆಗೆ ಮಾತನ್ನೂ ತಿನ್ನಿಸಿದ. "ತಿನ್ನಲಾ ಅಳಿಯ, ತಿನ್ನು. ತಿನ್ನೋದಕ್ಕೆ ಓದು ಬೇಕಾ?" ನಮ್ಮತ್ತೆ ಚೆನ್ನಾಜಮ್ಮ ಮಾತ್ರ ಸದ್ದಿಲ್ಲದೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದಳು. ಒಂದು ದಿನ ಮಾವ ಗಿರಣಿಯ ಆಳುಗಳೆಲ್ಲರ ಮುಂದೆ, "ನಮ್ಮಳಿಯ ನೆಟ್ಟಗೆ ನಿಂತಿದ್ದನ್ನ ನಾನು ಕಂಡೇ ಇಲ್ಲ ಕಣ್ರೋ" ಎಂದ. ಎಲ್ಲರೂ ನಕ್ಕರು. ಹೆಗಲ ಮೇಲಿದ್ದ ಮೂಟೆಯನ್ನು ಅಲ್ಲೇ ಎತ್ತಿ ಒಗೆದೆ. ಪಡುವಲ ಸಾಲಿನಲ್ಲಿ ಅವ್ವನ ಪಾಲಿಗೆ ಬಂದ ಒಂದು ಚೂರು ಜಾಗ ಖಾಲಿ ಬಿದ್ದಿತ್ತು. ಅಲ್ಲೊಂದು ಟೀ ಹೋಟೆಲು ಕಟ್ಟುತ್ತೇನೆ, ಇನ್ನು ಈ ಜನ್ಮದಲ್ಲಿ ನಿನ್ನ ಮೂಟೆ ಮುಟ್ಟುವುದಿಲ್ಲ ಎಂದು ಹೇಳಿ ಹೊರಟೆ. "ನಾಳೆ ಬರ್ತೀಯ ಬಾ" ಎಂದ ಮಾವ.

ಅವನು ಹೇಳಿದ ಆ ನಾಳೆಗೇ ಗೋಡೆ ಎಬ್ಬಿಸತೊಡಗಿದೆ. ತೂಗುಗುಂಡು ಬಿಟ್ಟೆ, ರಸಮಟ್ಟ ಇಟ್ಟೆ, ದಾರ ಕಟ್ಟಿದೆ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟೆ. ಗುಂಡು ತೋರಿಸಿದ ಗೆರೆಯನ್ನು ಒಂದು ಕೂದಲೆಳೆಯಷ್ಟೂ ಬಿಡಲಿಲ್ಲ. ರಸಮಟ್ಟದ ಗುಳ್ಳೆ ನಡುವಿನಿಂದ ಅಲ್ಲಾಡದ ಹಾಗೆ ನೆಲಗಾರೆ ಹಾಕಿದೆ. ಆ ವಾರವೆಲ್ಲ ಬೀದಿಯಲ್ಲಿ ಯಾಕೋ ಜನವೇ ಇರಲಿಲ್ಲ. ಎಲ್ಲರೂ ಅವರವರ ಮನೆಯ ಪಡುವಲ ಗೋಡೆಗೆ ಒರಗಿ ಕೂತಿದ್ದರಂತೆ. ಅಷ್ಟು ದಿನ ಬಿಡದೆ ನಿಂತ ಸೆಳೆತವನ್ನು ಈ ಕಾಲದವರು ಯಾರೂ ಕಂಡಿರಲಿಲ್ಲವಂತೆ. ನನಗೆ ಗೊತ್ತಾಗಲಿಲ್ಲ. ಸಿಟ್ಟು ಬಂದವನು ಹೇಗೂ ಯಾವುದಾದರೊಂದು ಕಡೆಗೆ ಬಾಗಿಕೊಂಡೇ ಇರುತ್ತಾನೆ.

ಸೂರು ಹೊದಿಸಿ, ಬೆಳಕಿಗೆ ಒಂದು ಗಾಜಿನ ಹೆಂಚು ಕೂರಿಸಿ, ಷಟರ್ ಹಾಕಿಸಿದ ದಿನವೇ ಸೆಳೆತ ಹೋಯಿತು. ಊರಿನವರು ಹೊರಗೆ ಬಂದು ನೋಡಿ ಬಾಯಿಯ ಮೇಲೆ ಕೈಯಿಟ್ಟರು. ಹೋಟೆಲಿಗೆ ಹೋಟೆಲೇ ಬೀದಿಯ ಕಡೆಗೆ ಬಾಗಿ, ಯಾರಿಗೋ ನಮಸ್ಕಾರ ಮಾಡುತ್ತಿರುವ ಹಾಗಿತ್ತು. ಒಳಗೆ ಬೆಂಚಿನ ಮೇಲೆ ಕೂತವರು ಜಾರಿಕೊಂಡು ಬಾಗಿಲಿಗೆ ಬರುತ್ತಿದ್ದರು. "ಸೆಳ್ತದಾಗೆ ಗೋಡೆ ಕಟ್ಟವ್ನಲ್ಲೋ" ಎಂದು ನಕ್ಕರು. "ಗುಂಡು ಸುಳ್ಳು ಹೇಳ್ತದೇನ್ರೋ? ಸೆಳ್ತ ಬರ್ಲಿ, ಆಗ ಬಂದು ನೋಡ್ರಿ, ಯಾರ ಮನೆ ನೆಟ್ಟಗೈತೆ ಯಾರದು ಸೊಟ್ಟಗೈತೆ ಅಂತ" ಎಂದೆ. ನಿಜಕ್ಕೂ ಸೆಳೆತ ಬಂದಾಗ ಊರಿಗೆ ಊರೇ ಕಂಬ ಹಿಡಿದು ನೇತಾಡುತ್ತಿದ್ದರೆ, ನನ್ನ ಹೋಟೆಲಿನಲ್ಲಿ ಮಾತ್ರ ತುಂಬಿದ ಲೋಟದಲ್ಲೂ ಟೀ ಅಲ್ಲಾಡದೆ ನಿಂತಿರುತ್ತಿತ್ತು. ಅದನ್ನು ಕಂಡವರು ಕೆಲವರು ಸೆಳೆತ ಬಂದರೆ ಸಾಕು ನನ್ನಲ್ಲಿಗೇ ಓಡಿಬರತೊಡಗಿದರು. ಬದುಕು ಹಾಗೋ ಹೀಗೋ ನಡೆಯತೊಡಗಿತು.

ಅಷ್ಟರಲ್ಲಿ ಪುರಸಭೆಯಿಂದ ನೋಟೀಸು ಬಂತು. ಗೋಡೆ ವಾಲಿದೆ, ಜನರ ಜೀವಕ್ಕೆ ಅಪಾಯ, ಕೆಡವಬೇಕು. ಕೆಳಗೆ ಮಾವನ ರುಜು. ಕೆಡವಿದರೆ ಇನ್ನೊಂದು ಕಟ್ಟುವ ಶಕ್ತಿ ನನಗಿರಲಿಲ್ಲ. ಮತ್ತೆ ಗಿರಣಿ, ಮತ್ತೆ ಮೂಟೆ, ಮತ್ತೆ ಆ ಮುದ್ದೆ.

ನೋಟೀಸಿನಲ್ಲಿ ಹೇಳಿದ ದಿನ, ಊಟದ ಹೊತ್ತಿಗೆ ಇನ್ನೂ ಸ್ವಲ್ಪ ಇರುವಾಗ, ಮಾವನೂ ಇಂಜಿನಿಯರ್ ಪದ್ಮರಾಜಯ್ಯನವರೂ ಬಂದರು. ನಾನು ಹೋಟೆಲು ತೆರೆದಾಗಿನಿಂದ ಇಬ್ಬರೂ ಒಳಗೆ ಕಾಲಿಟ್ಟವರಲ್ಲ. ಅವತ್ತೂ ಬೀದಿಯಲ್ಲೇ ನಿಂತು ಗೋಡೆಗೆ ಗುಂಡು ಬಿಟ್ಟರು.

"ಒಂದು ಮೊಳ ಬಾಗಿದೆ ಅಧ್ಯಕ್ಷರೇ" ಎಂದರು ಪದ್ಮರಾಜಯ್ಯ.

"ಅಳಿಯ, ಕೇಳಿದ್ಯಾ? ಮೊಳ! ಇದು ಗೋಡೆಯೇನ್ಲಾ, ಜಾರುಬಂಡೆಯೇನ್ಲಾ?"

"ನಿಮ್ಮ ಬೀದಿ ಬಾಗೈತೆ ಮಾವ. ನನ್ನ ಗೋಡೆಯಲ್ಲ."

"ಬರ್ಕಳ್ರೀ ಇಂಜಿನಿಯರ್ರೇ, ಕೆಡವಿ ಅಂತ ಬರ್ಕಳ್ರಿ. ಇವನ ಜೊತೆ ಏನ್ ಮಾತು..."

ಮಾತು ಮುಗಿಯಲಿಲ್ಲ, ಸೆಳೆತ ಬಂತು. ಮಾವ ಎರಡು ಕೈಯನ್ನೂ ಚಾಚಿ, ಯಾರನ್ನೋ ತಬ್ಬಿಕೊಳ್ಳಲು ಓಡುವವನ ಹಾಗೆ, ದಡದಡನೆ ನನ್ನ ಹೋಟೆಲಿನೊಳಗೆ ನುಗ್ಗಿದ. ಹಿಂದೆಯೇ ಪದ್ಮರಾಜಯ್ಯ, ಕೊಡೆ, ಗುಂಡು, ರಸಮಟ್ಟ ಸಮೇತ. ನಾನು ಷಟರ್ ಎಳೆದೆ. ಮರುಕ್ಷಣವೇ ಹೊರಗಡೆಯಿಂದ ಒಂದು ಕುಂಬಳಕಾಯಿ ಬಂದು ಅದಕ್ಕೆ ಬಡಿದ ಸದ್ದು ಕೇಳಿತು.

ಒಳಗೆ ಬಿದ್ದವರು ಎದ್ದು ಪಂಚೆ ಕೊಡವಿಕೊಂಡರು. ಒಂದು ಕಾಲು ಎತ್ತಿ ಇಟ್ಟು ನೋಡಿದರು, ಇನ್ನೊಂದು ಕಾಲು ಎತ್ತಿ ಇಟ್ಟು ನೋಡಿದರು. ಎಲ್ಲೂ ಜಗ್ಗುತ್ತಿಲ್ಲ.

"ಆಗ್ಲೇ ಹೋಯ್ತೇನ್ಲಾ ಸೆಳ್ತ?" ಎಂದ ಮಾವ.

"ನೀವೇ ನೋಡ್ಕಳಿ" ಎಂದೆ. ಅದರಲ್ಲಿ ಸುಳ್ಳೇನಿದೆ? ಇಬ್ಬರಿಗೂ ಲೋಟದ ತುಂಬ ಟೀ ಸುರಿದು ಇಟ್ಟೆ.

"ಯಾರಪ್ಪಾ ಇಷ್ಟು ತುಂಬಾ ಹಾಕ್ತಾರೆ? ಸೆಳೆತ ಬಂದರೆ?" ಎಂದರು ಪದ್ಮರಾಜಯ್ಯ.

"ನನ್ನ ಹೋಟ್ಲಲ್ಲಿ ಚೆಲ್ಲಲ್ಲ ಸಾರ್. ಕುಡಿದು, ಗುಂಡು ಬಿಟ್ಟು ನೋಡಿ ಒಳಗೆ. ಹೊರಗಡೆ ನೋಡಿದ್ದು ನ್ಯಾಯ ಆದ್ರೆ ಒಳಗೆ ನೋಡೋದೂ ನ್ಯಾಯವೇ. ಆಮೇಲೆ ಷಟರ್ ಎತ್ತುತೀನಿ."

ಪದ್ಮರಾಜಯ್ಯ ನಿಯಮದ ಮನುಷ್ಯ. ಟೀ ಹೀರಿ, ಮೀಸೆ ಒರೆಸಿಕೊಂಡು, ಗೋಡೆಗೆ ಗುಂಡು ಬಿಟ್ಟರು. ದಾರ ಗೋಡೆಗೆ ಅಂಟಿಕೊಂಡ ಹಾಗೆ ನಿಂತಿತು. ಇನ್ನೊಂದು ಮೂಲೆಗೆ ಹೋಗಿ ಬಿಟ್ಟರು, ಅಲ್ಲೂ ಹಾಗೇ. ರಸಮಟ್ಟವನ್ನು ನೆಲದ ಮೇಲಿಟ್ಟು ಮೊಣಕಾಲೂರಿ ನೋಡಿದರು, ಗುಳ್ಳೆ ನಟ್ಟನಡುವೆ.

"ಅಧ್ಯಕ್ಷರೇ, ಗೋಡೆ ನೆಟ್ಟಗಿದೆ."

"ಏನಂದ್ರಿ? ಈಗಿನ್ನೂ ಹೊರಗೆ ಒಂದು ಮೊಳ ಬಾಗಿತ್ತಲ್ರೀ!"

"ಹೊರಗೆ ಬಾಗಿತ್ತು. ಒಳಗೆ ನೆಟ್ಟಗಿದೆ."

"ಒಂದೇ ಗೋಡೆ ಕಣ್ರೀ!"

"ಅದು ನನಗೂ ಕಾಣ್ತಿದೆ. ಗುಂಡು ಏನು ಹೇಳತ್ತೋ ಅದನ್ನ ನಾನು ಬರೀಬೇಕು."

ಸೆಳೆತದಲ್ಲಿ ಹಾಕಿದ ರುಜು ನಮ್ಮೂರಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅವರು ಬರೆಯುವ ಮೊದಲು ಮಾವನ ಲೋಟದ ಕಡೆ ಕಣ್ಣು ಹಾಯಿಸಿದರು. ಟೀ ಕನ್ನಡಿಯ ಹಾಗೆ ಮಟ್ಟವಾಗಿ ನಿಂತಿತ್ತು. ಸೆಳೆತವಿಲ್ಲ ಎಂದು ಖಾತ್ರಿಯಾಗಿ, ಗೋಡೆ ನೆಟ್ಟಗಿದೆ ಎಂದು ಬರೆದು ರುಜು ಹಾಕಿದರು. ಮಾವ ಬೆಂಚಿನಿಂದ ಎದ್ದ. "ತೆಗಿಯೋ ಷಟರು! ಇನ್ನೊಂದು ಸಲ ಹೊರಗಡೆಯಿಂದ ನೋಡಣ. ನನ್ನ ಕಣ್ಣೇನು ಕುರುಡಾ?"

ಆಗ ಸೆಳೆತ ಹೋಯಿತು. ಹೊರಗಡೆ ಊರು ನೆಟ್ಟಗೆ ನಿಂತುಕೊಂಡಿತು. ಒಳಗಡೆ, ಲೋಟಗಳು ಸರ್ರನೆ ಬೀದಿಯ ಕಡೆಗೆ ಜಾರಿದವು. ಮಾವನೂ ಜಾರಿದ. ದಾರಿಯಲ್ಲಿ ಸಿಕ್ಕಿದ ಮೇಜಿನ ಕಾಲನ್ನು ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದ. ಆ ಮೇಜನ್ನು ನಾನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದೆ, ಇಲ್ಲದಿದ್ದರೆ ಅದೂ ಅವನ ಜೊತೆಗೇ ಹೋಗುತ್ತಿತ್ತು.

"ಸೆಳ್ತ! ಸೆಳ್ತ ಬಂತು! ಹಿಡ್ಕಳ್ರೀ!"

ಪದ್ಮರಾಜಯ್ಯ ಇನ್ನೊಂದು ಕಾಲನ್ನು ತಬ್ಬಿಕೊಂಡರು. ಅವರ ಮುಖದಲ್ಲಿ ಗಾಬರಿ ಇದ್ದದ್ದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಕಣ್ಣು ಮಿನುಗತೊಡಗಿದವು. "ಅಧ್ಯಕ್ಷರೇ, ಮೂಡಲಕ್ಕೆ! ಮೂಡಲಕ್ಕೆ ಸೆಳೀತಿದೆ ಇದು!"

"ಹೌದಲ್ರೀ! ಹುಟ್ಟಿದಾಗಿಂದ ಕಂಡಿಲ್ಲ!"

"ಬ್ರೇಕು ಅಧ್ಯಕ್ಷರೇ, ಬ್ರೇಕು! ಊರು ಬ್ರೇಕ್ ಹಾಕಿದೆ. ಬಸ್ಸು ನಿಲ್ಲುವಾಗ ಮುಂದಕ್ಕೆ ಮುಗ್ಗರಿಸ್ತೀವೋ ಇಲ್ವೋ? ಅಂದ ಮೇಲೆ ಇಷ್ಟು ದಿನ ಓಡ್ತಿತ್ತು ಅಂತಾಯ್ತಲ್ಲ!"

"ಎಂಥಾ ಬ್ರೇಕ್ರೀ? ತಕ್ಕಡಿ ಈ ಕಡೆ ತೂಗಿದ್ದು ಆ ಕಡೆ ತೂಗಲ್ವಾ? ನೆಲ ಈಗ ಮೂಡಲಕ್ಕೆ ವಾಲ್ತು. ನಾನು ಹೇಳ್ತಾನೇ ಇದ್ದೆ, ಒಂದಲ್ಲ ಒಂದಿನ ವಾಲ್ತದೆ ಅಂತ!"

ಒಂದೊಂದು ಕಾಲು ತಬ್ಬಿಕೊಂಡೇ ಇಬ್ಬರೂ ಹೊಡೆದಾಡಿದರು. ಇಬ್ಬರ ಮುಖದಲ್ಲೂ ಮಗನ ಮದುವೆಯ ಕಳೆ. ನಾನು ದಿನಾ ನಿಲ್ಲುವ ಹಾಗೆ, ಒಂದು ಕಾಲು ಮುಂದಕ್ಕೆ ಇಟ್ಟು, ಕೈಕಟ್ಟಿ ನಿಂತಿದ್ದೆ.

"ಹಿಡ್ಕಳೋ ಮುಠ್ಠಾಳ, ಬಿದ್ದೋಗ್ತೀಯ!"

"ನಾನು ಯಾವುದನ್ನೂ ಹಿಡ್ಕಳಲ್ಲ ಮಾವ. ಷಟರ್ ಎತ್ತಲಾ?"

"ಬ್ಯಾಡ್ವೋ! ಮೂಡಲಕ್ಕೆ ಸೆಳೀತಾ ಅದೆ, ಎತ್ತಿದ್ರೆ ಸೀದಾ ಉರುಳ್ಕೊಂಡು ಎದುರುಗಡೆ ಪಾತ್ರೆ ಅಂಗಡಿ ಒಳಕ್ಕೆ ಹೋಗ್ತೀವಿ. ನಿಲ್ಲೋ ತನಕ ಮುಟ್ಬೇಡ."

ಮುಟ್ಟಲಿಲ್ಲ. ನಿಲ್ಲುವ ತನಕ ಎಂದರೆ ಯಾವಾಗ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗಾಜಿನ ಹೆಂಚಿನಿಂದ ಬೀಳುವ ಬಿಸಿಲು ಮೇಜಿನ ಮೇಲಿದ್ದದ್ದು ಗೋಡೆಗೆ ಹೋಯಿತು. ಮಾವ ಒಂದು ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿದ. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದದ್ದು ಕೇಳಿಸಿತು.

"ಈ ಸೆಳೆತದಲ್ಲಿ ಅವಳು ಹೇಗೆ ನಡೀತಿದ್ದಾಳೆ?" ಎಂದರು ಪದ್ಮರಾಜಯ್ಯ, ಅನುಮಾನದಿಂದ.

"ವ್ಯಾಪಾರದೋರು ಸ್ವಾಮಿ. ಅವರಿಗೆ ಭೂಮಿ ಮಗುಚಿಕೊಂಡ್ರೂ ಒಂದೇಯ" ಎಂದ ಮಾವ.

ಆಮೇಲೆ ಯಾರೋ ಷಟರ್ ಬಡಿದರು. "ರೀ! ಒಳಗಿದ್ದೀರಾ? ಮುದ್ದೆ ಕಲ್ಲಾಯ್ತು!" ಅತ್ತೆಯ ದನಿ. ಮಾವ ಬೇಡ ಬೇಡ ಎನ್ನುತ್ತಿದ್ದಂತೆಯೇ ನಾನು ಷಟರ್ ಎತ್ತಿದೆ. ಅತ್ತೆಯ ಮೇಲೆ ನಾನು ಬಾಗಿಲು ಹಾಕುವವನಲ್ಲ.

ಬಿಸಿಲಿನಲ್ಲಿ ಅತ್ತೆ ನಿಂತಿದ್ದಳು. ಹಿಂದೆ ಬೀದಿ, ಬೀದಿಯಲ್ಲಿ ಜನ, ಎದುರು ಸಾಲಿನಲ್ಲಿ ಪಾತ್ರೆ ಅಂಗಡಿಯವನು. ಒಳಗಿನಿಂದ ನೋಡುವವರಿಗೆ ಎಲ್ಲರೂ ಓರೆಯಾಗಿ, ಹೋಟೆಲಿನ ಕಡೆಗೇ ಬೀಳುವವರ ಹಾಗೆ ಕಂಡರು.

"ಚೆನ್ನಾಜೀ! ಏನಾದ್ರೂ ಹಿಡ್ಕಳೇ, ಬೀಳ್ತೀಯ!" ಎಂದು ಕೂಗಿದ ಮಾವ.

"ಯಾರು ಬೀಳೋದು? ನೀವ್ಯಾಕೆ ಮೇಜಿನ ಕಾಲು ತಬ್ಕಂಡು ಕೂತಿದ್ದೀರಿ?"

"ಸೆಳ್ತ!"

"ಯಾವ ಸೆಳ್ತ? ಆಗ ಬಂದಿದ್ದು ಹೋಗಿ ಎಷ್ಟೊತ್ತಾಯ್ತು. ನಾನು ಅಕ್ಕಿ ಆರಿಸಿ, ಮುದ್ದೆ ಕಟ್ಟಿ, ಮನೆಯಿಂದ ನಡ್ಕಂಡು ಬಂದಿದ್ದೀನಿ."

ಮಾವ ಹೆಂಡತಿಯನ್ನು ನೋಡಿದ, ಮೇಜಿನ ಕಾಲನ್ನು ನೋಡಿದ, ಇಂಜಿನಿಯರನ್ನು ನೋಡಿದ. ಅವನ ತಲೆಯೊಳಗೆ ಲೆಕ್ಕ ತಿರುಗುತ್ತಿರುವುದು ನನಗೆ ಹೊರಗಡೆಯಿಂದಲೇ ಕಾಣುತ್ತಿತ್ತು. ಗೋಡೆ ಸೊಟ್ಟಗಿದೆ ಎಂದರೆ, ಗುಂಡು ಬಿಟ್ಟಾಗ ಸೆಳೆತ ಇತ್ತು. ರುಜು ಬಿದ್ದುಹೋಯಿತು, ಹೋಟೆಲು ಕೆಡವಬಹುದು. ಆದರೆ ಆಗ ಸೆಳೆತ ಇತ್ತು ಎಂದರೆ ಆಮೇಲೆ ಇರಲಿಲ್ಲ. ಪುರಸಭೆಯ ಅಧ್ಯಕ್ಷ, ವಾಲಿಕೆ ಪಕ್ಷದ ಮುಂದಾಳು, ಇಲ್ಲದ ಸೆಳೆತಕ್ಕೆ ಹೆದರಿ ಮಧ್ಯಾಹ್ನವೆಲ್ಲ ಮೇಜಿನ ಕಾಲು ತಬ್ಬಿಕೊಂಡು ಕೂತಿದ್ದ ಎಂದಾಯಿತು. ಬಾಗಿಲ ಬಳಿ ಆಗಲೇ ಜನ ಸೇರುತ್ತಿದ್ದರು. ಪಾತ್ರೆ ಅಂಗಡಿಯವನ ತುಟಿಯ ತುದಿಯಲ್ಲಿ ನಗು ಬಂದು ಕೂತಿತ್ತು.

ಕಿವಿ ಕೆಂಪಾದ ಮಾವ, ಹೆಂಗಸಿನ ಎದುರು ತಪ್ಪು ಮಾಡಿ ಸಿಕ್ಕಿಬಿದ್ದ ಮುದುಕನ ಹಾಗೆ ಕಂಡ. ಅವನನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ಅತ್ತೆಯೂ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು, ಒಲೆಯ ಕಡೆ ನೋಡಿದಳು, ಸಾಲಾಗಿ ತೊಳೆದಿಟ್ಟ ನನ್ನ ಲೋಟಗಳನ್ನು ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಹೆಜ್ಜೆ ಒಳಗಿಟ್ಟಳು. ಕೂಡಲೇ ಎರಡು ಕೈಯಲ್ಲೂ ಷಟರಿನ ಕಂಬಿ ಹಿಡಿದುಕೊಂಡಳು.

"ಅಯ್ಯಯ್ಯಪ್ಪಾ! ಹೌದಲ್ರೀ! ಎಂಥಾ ಸೆಳ್ತ ಇದು! ಬೀದಿ ತಂಕ ಬಂದೇ ಇಲ್ಲ, ಇಲ್ಲೇ ನಿಂತದೆ!"

"ನಾನ್ ಹೇಳ್ಲಿಲ್ವಾ!" ಎಂದ ಮಾವ. ದನಿಗೆ ಜೀವ ಬಂದಿತ್ತು. ಪಾತ್ರೆ ಅಂಗಡಿಯವನು ನಂಬದೆ ಒಳಗೆ ಬಂದ, ಜಾರಿದ, ಅತ್ತೆಯ ಪಕ್ಕದಲ್ಲೇ ಕಂಬಿ ಹಿಡಿದ. ಅವನ ಹಿಂದೆ ಬಂದವನು ಅವನನ್ನು ಹಿಡಿದ. "ಮೂಡಲಕ್ಕೆ ಕಣ್ರೋ" ಎಂದು ಒಬ್ಬ ಬೀದಿಗೆ ಕೂಗಿ ಹೇಳಿದ. ಪದ್ಮರಾಜಯ್ಯ ನೆಲದ ಮೇಲಿಂದಲೇ "ಬ್ರೇಕು" ಎಂದರು.

"ರೀ ಇಂಜಿನಿಯರ್ರೇ" ಎಂದ ಮಾವ ಗಂಟಲು ಸರಿಮಾಡಿಕೊಂಡು. "ಗೋಡೆಗೆ ಗುಂಡು ಬಿಟ್ಟಿದ್ದು ಈ ಸೆಳ್ತಕ್ಕೆ ಮುಂಚೆ ತಾನೆ? ಆಗ ಊರು ಮಟ್ಟವಾಗಿತ್ತು ತಾನೆ? ನಿಮ್ಮ ರುಜು ನಿಲ್ತದೆ. ನೋಟೀಸ್ ಹರಿದಾಕ್ಬುಡಿ."

ನನ್ನ ಗೋಡೆ ನೆಟ್ಟಗಿದೆ ಎಂದು ಊರು ಒಪ್ಪಬೇಕಾಗಿತ್ತು. ಸೆಳೆತದಲ್ಲೂ ಗುಂಡು ತೋರಿಸುವುದು ನೆಟ್ಟಗೇ ಎಂದು, ಅವರ ನೆಟ್ಟಗೆಯೂ ನನ್ನ ನೆಟ್ಟಗೆಯೂ ಒಂದಕ್ಕೊಂದು ಸಮ ಎಂದು ಒಪ್ಪಬೇಕಾಗಿತ್ತು. ಇವರು ಒಪ್ಪಿದ್ದು ಯಾವುದನ್ನ? ಇಲ್ಲದ ಸೆಳೆತವನ್ನ! ಒಂದು ಸುಳ್ಳಿನ ಮೇಲೆ ನನ್ನ ಹೋಟೆಲು ನಿಲ್ಲಬೇಕೆ? ನಾನು ಬಾಯಿ ತೆರೆದೆ. "ಲೋ, ಯಾವ ಸೆಳ್ತಾನೂ ಇಲ್ಲ..."

"ಚಿಕ್ಕೀರಾ" ಎಂದಳು ಅತ್ತೆ. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. "ಹೋಟ್ಲು ಬೇಕಾ, ಮೂಟೆ ಬೇಕಾ?"

ನಾನು ತಿರುಗಿ ನನ್ನ ಒಲೆಯ ಕಡೆ ನೋಡಿದೆ.

"ಹೋಟ್ಲು ಬೇಕು ಅಂದ್ರೆ, ಮಗಾ, ನೀನೂ ಏನಾದ್ರೂ ಹಿಡ್ಕ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೋಟೆಲು ತುಂಬ ಜನ, ಒಬ್ಬರನ್ನೊಬ್ಬರು ಹಿಡಿದವರು, ಕಂಬಿ ಹಿಡಿದವರು, ಬೆಂಚು ಹಿಡಿದವರು. ಏನನ್ನೂ ಹಿಡಿಯದೆ ನಿಂತವನು ನಾನೊಬ್ಬನೇ. ಸುತ್ತ ನೋಡಿದೆ. ಮೇಜಿನ ಕಾಲುಗಳೆಲ್ಲ ಆಗಲೇ ಹಂಚಿಹೋಗಿದ್ದವು, ಕಂಬಿಯಲ್ಲಿ ಜಾಗವಿರಲಿಲ್ಲ. ಕೈಗೆಟುಕುವ ಹಾಗೆ ಇದ್ದದ್ದು ಮಾವನ ಹೆಗಲು ಮಾತ್ರ.

ಹಿಡಿದುಕೊಂಡೆ.

ಮಾವ ತಲೆಯೆತ್ತಿ ನನ್ನ ಮುಖ ನೋಡಲಿಲ್ಲ. "ಗಟ್ಟಿಯಾಗಿ ಹಿಡ್ಕಳೋ" ಎಂದ ನೆಲ ನೋಡುತ್ತಲೇ. "ಬಿದ್ಗಿದ್ದೀಯ."